ಪುಯ್ಯಾಪ್ಲೆಯ ಬೈಕಿನ ಆಯಿಲ್ ಕೂಲರ್

ಹನೀಫಾ ಒಮ್ಮೆ ನಿರ್ಧಾರ ಮಾಡಿದರೆ ಮುಗಿಯಿತು, ಅವರನ್ನು ತಡೆಯುವವರು ಬಂಟ್ವಾಳ ತಾಲೂಕಿನಲ್ಲೇ ಇಲ್ಲ! ಆ ಭಾನುವಾರ ಮಧ್ಯಾಹ್ನದ ಘನ ನಿರ್ಧಾರ ಇದು: ಪುಯ್ಯಾಪ್ಲೆಯ ಬೈಕನ್ನು ತಾನೇ ಸರಿಮಾಡಿಕೊಟ್ಟು, ಮಾವ ಅಂದರೆ ಇವರಪ್ಪಾ ಎನ್ನಿಸಿಕೊಳ್ಳುವುದು. ಬೈಕಿಗೆ ಏನೂ ಆಗಿರಲಿಲ್ಲ ಎಂಬುದು ಬೇರೆ ಮಾತು.

ಪುಯ್ಯಾಪ್ಲೆ ಎಂದರೆ ಮನೆಯ ಹೊಸ ಅಳಿಯ. ಅವನು ಬಂದ ದಿನ ಮಾವನಾದವನು ಸ್ವಂತ ಮನೆಯಲ್ಲೂ ಮೆಲ್ಲಗೆ ಕೆಮ್ಮಬೇಕು! ಮಗಳು ಫಾಯಿಝಾಳನ್ನು ಮದುವೆಯಾಗಿ ಎರಡೇ ತಿಂಗಳಾಗಿದ್ದ ಉನೈಸ್, ಬೆಳ್ತಂಗಡಿಯಿಂದ ಕಲ್ಲಡ್ಕದ ಈ ಮನೆಗೆ ದೊಡ್ಡ ಬೈಕಿನಲ್ಲಿ ಬಂದಿಳಿದು, ಬಿರಿಯಾನಿ ಉಂಡು ಒಳಗೆ ಮಲಗಿದ್ದ. ಅವನ ಬಿಳಿ ಅಂಗಿಗೆ ಸಾರು ಚೆಲ್ಲಿತ್ತೆಂದು ಅತ್ತೆ ನಫೀಸಮ್ಮ ಅದನ್ನು ಆಗಲೇ ತೊಳೆದು ಪೋರ್ಚಿನ ಹಗ್ಗಕ್ಕೆ ಹಾಕಿದ್ದರು.

ಹನೀಫಾ ಬೈಕಿಗೆ ಎರಡು ಸುತ್ತು ಬಂದರು. ಎಂಜಿನ್ನಿನ ಎದುರಿಗೆ ಸಾಲು ಸಾಲು ತಗಡಿನ ಪೆಟ್ಟಿಗೆ, ಅದಕ್ಕೆ ಎರಡು ಪೈಪು! ಸೌದಿಯ ದಮಾಮಿನಲ್ಲಿ ಇಪ್ಪತ್ತು ವರ್ಷ ಏಸಿ ರಿಪೇರಿ ಮಾಡಿದ ಕೈ ತುರಿಸತೊಡಗಿತು.

"ನಫೀಸಾ, ನೋಡು! ಆಯಿಲ್ ಕೂಲರ್. ಎಂಜಿನ್ ಆಯಿಲಿಗೆ ಇಟ್ಟ ಏಸಿ ಇದು. ಈ ಜಡಿಮಳೆಯಲ್ಲಿ ಯಾರಾದರೂ ಏಸಿ ಹಾಕ್ತಾರಾ?"

"ಅವರ ಬೈಕು, ಅವರ ಏಸಿ. ನಿಮಗೆ ಎಂಥ?"

"ಎಂಜಿನ್ನಿಗೆ ಶೀತ ಹಿಡಿದರೆ? ಈಗ ತೆಗೆದಿಡ್ತೇನೆ. ಬೇಸಿಗೆಯಲ್ಲಿ ಹಾಕುವ."

"ಇದ್ದಲ್ಲೇ ಇರಲಿ ಮಾರಾಯ್ರೆ! ಪುಯ್ಯಾಪ್ಲೆಯ ಸಾಮಾನು ಮುಟ್ಟಬೇಡಿ!"

ಹೆಂಡತಿ ಬೇಡ ಎಂದ ಮೇಲೆ ಬಿಡುವವರೇ ಹನೀಫಾ! ಸ್ಪ್ಯಾನರ್ ತಿರುಗಿತು. ಏಸಿಯ ಪೈಪು ಬಿಚ್ಚಿದರೆ ಗ್ಯಾಸು ಬುಸ್ಸೆಂದು ಹೋಗುತ್ತದೆ, ಕೈಗೆ ಏನೂ ಅಂಟುವುದಿಲ್ಲ. ಇಲ್ಲಿ ಹಾಗಲ್ಲ! ಕಪ್ಪು ಆಯಿಲು ಮೊಣಕೈವರೆಗೆ ಇಳಿದು, ಪೋರ್ಚಿನ ಟೈಲ್ಸಿನ ಮೇಲೆಲ್ಲ ಹರಡಿತು. ಹನೀಫಾ ಎದೆಗುಂದಲಿಲ್ಲ. ತಾಮ್ರದ ಪೈಪಿನ ತುಂಡೊಂದರಿಂದ ಎರಡು ಬಾಯಿಗಳನ್ನೂ ಜೋಡಿಸಿ, ತಂತಿ ಸುತ್ತಿ, ಬಿಸ್ಮಿಲ್ಲಾ ಎಂದು ಬೈಕು ಸ್ಟಾರ್ಟ್ ಮಾಡಿದರು.

ಪಟ್!

ಪೈಪು ಹಾರಿತು. ಉಳಿದ ಆಯಿಲು ಪಿಚಕಾರಿ ಹೊಡೆದ ಹಾಗೆ ಚಿಮ್ಮಿ ನೇರ ಬಿಳಿ ಅಂಗಿಗೇ ಬಡಿಯಬೇಕೇ! ಕಾಲರಿನಿಂದ ತುದಿಯವರೆಗೆ ಒಂದು ಬೆರಳಿನಷ್ಟೂ ಬಿಳಿ ಉಳಿಯಲಿಲ್ಲ.

"ಯಾ ಅಲ್ಲಾಹ್!" ಓಡಿಬಂದ ನಫೀಸಮ್ಮ ಎದೆಗೆ ಕೈ ಒತ್ತಿಕೊಂಡರು. "ಅವರು ಕೋಪ ಮಾಡಿ ಮಗಳನ್ನು ಬಿಟ್ಟು ಹೋದರೆ ಎಂಥ ಮಾಡ್ತೀರಿ?"

ಅಷ್ಟರಲ್ಲಿ ಸದ್ದಿಗೆ ಎಚ್ಚೆತ್ತ ಉನೈಸ್ ಬಾಗಿಲಿಗೆ ಬಂದ. ಅಂಗಿಯ ಕಡೆ ತಿರುಗಿಯೂ ನೋಡಲಿಲ್ಲ. ಬೈಕು ನೋಡಿದ, ನೆಲದ ಮೇಲಿದ್ದ ಕೂಲರ್ ನೋಡಿದ, ಮುಖ ಬಿಳುಚಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ.

"ಹೊಸ ಅಂಗಿ ತೆಗೆದುಕೊಡ್ತೇನೆ ಮೋನೆ. ನಿನ್ನ ಬೈಕನ್ನೂ..." ಮಗನೇ ಎಂದು ಅಕ್ಕರೆಯಿಂದ ಕರೆಯುತ್ತ ಹನೀಫಾ ಹತ್ತಿರ ಹೋದರು.

"ಮಾವ, ಬೈಕು ನನ್ನದಲ್ಲ."

"ಆಂ?"

"ಉಜಿರೆಯಲ್ಲಿ ನನ್ನ ಫ್ರೆಂಡ್ ಶಿಶಿರ್ ಇದ್ದಾನೆ, ಅವನದ್ದು. ನನ್ನದು ಹಳೆಯ ಸ್ಕೂಟರು. ಹೆಂಡತಿ ಮನೆಗೆ ಅದರಲ್ಲಿ ಬರ್ಲಿಕ್ಕೆ ನಾಚಿಕೆ ಆಯಿತು. ಸಂಜೆ ವಾಪಸ್ ಕೊಡ್ಬೇಕಿತ್ತು."

ಆದರೆ ನೋಡಿ, ತಪ್ಪು ಈಗ ಆ ಕಡೆಯೂ ಉಂಟು! ತಕ್ಷಣ ಹನೀಫಾರ ಬೆನ್ನು ನೆಟ್ಟಗಾಯಿತು, ಗಂಟಲೂ ಏರಿತು.

"ಛೇ! ಹೀಗೆಲ್ಲ ಮೋಸ ಮಾಡುವುದಾ? ನಾನು ಪುಯ್ಯಾಪ್ಲೆ ಆಗಿದ್ದಾಗ..."

"ನೀವು ಪುಯ್ಯಾಪ್ಲೆಯಾಗಿ ಮೂಡುಬಿದಿರೆಗೆ, ನಮ್ಮ ಮನೆಗೆ, ಒಂದು ಕಾರು ತಂದಿದ್ದಿರಲ್ಲ," ನಫೀಸಮ್ಮ ಹಗ್ಗದಿಂದ ಅಂಗಿ ತೆಗೆಯುತ್ತ ಹೇಳಿದರು. "ಮರುದಿನ ಬೆಳಿಗ್ಗೆ ಅದರ ಯಜಮಾನ ನಮ್ಮ ಬಾಗಿಲಿಗೆ ಬಂದಿದ್ದ. ಹಿಂದಿನ ಲೈಟ್ ಒಡೆದಿದೆ ಅಂತ. ನನ್ನ ಬಾಪಾ, ನಿಮ್ಮ ಮಾವ, ಅವನನ್ನು ಒಳಗೆ ಕೂರಿಸಿ ಚಹಾ ಕೊಟ್ಟರು, ಲೈಟೂ ಹಾಕಿಸಿಕೊಟ್ಟರು. ಪುಯ್ಯಾಪ್ಲೆಗೆ ಗೊತ್ತಾಗುವುದು ಬೇಡ, ಪಾಪ, ನಾಚಿಕೆ ಆದೀತು ಅಂದರು."

ಇಪ್ಪತ್ತೆಂಟು ವರ್ಷ! ಆ ಮಾವ ತೀರಿಕೊಂಡೇ ಹತ್ತು ವರ್ಷವಾಯಿತು. ಒಂದು ದಿನವೂ, ಒಂದು ಮಾತಿನಲ್ಲೂ ಅದನ್ನು ತೋರಿಸಿಕೊಂಡಿರಲಿಲ್ಲ. ಹನೀಫಾ ಲುಂಗಿಗೆ ಕೈ ಒರೆಸಿಕೊಂಡರು. ಆಮೇಲೆ ಅಳಿಯನ ಪಕ್ಕದಲ್ಲಿ, ಆಯಿಲಿನ ಮೇಲೆಯೇ ಕೂತರು.

"ಆ ಶಿಶಿರನ ನಂಬರ್ ಕೊಡು ಮೋನೆ. ಚಹಾಕ್ಕೆ ಬರ್ಲಿಕ್ಕೆ ಹೇಳುವ."