ಗೇರ್ ಲಿವರಿನ ಬುಡದಲ್ಲಿ ಟಣಕ್

ಹಳೇ ಲಾರಿ ತಿರುವಿನಲ್ಲಿ ವಾಲಿದಾಗಲೆಲ್ಲ ಒಳಗೆಲ್ಲೋ 'ಟಣಕ್' ಎನ್ನುತ್ತಿತ್ತು. ಅನ್ನಲಿ ಬಿಡು ಎಂದು ಸುಮ್ಮನಿರುವ ಪೈಕಿಯಲ್ಲ ಬಿಚ್ಚಪ್ಪನವರು. (ಹುಟ್ಟಿದಾಗ ಇಟ್ಟ ಹೆಸರು ಬೇರೆ. ಮನೆಯ ಗಡಿಯಾರ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬಿಚ್ಚಿ ಹರವಿದ ಮೇಲೆ ನೆಂಟರು ಇದನ್ನೇ ಖಾಯಂ ಮಾಡಿದ್ದರು.) ಸೀಟು, ಬಾಗಿಲು, ಡ್ಯಾಶ್‌ಬೋರ್ಡ್ ಎಲ್ಲ ಬಿಚ್ಚಿ ನೋಡಿಯಾಗಿತ್ತು. ಉಳಿದದ್ದು ಗೇರ್ ಲಿವರಿನ ಬುಡ. ಲಿವರ್ ತೆಗೆಯದೆ ಅಲ್ಲಿನ ತಗಡು ಏಳುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಲಿವರ್ ಸಂಹಾರ ಆರಂಭವಾಯಿತು. ಎಳೆದರು, ಜಗ್ಗಿದರು, ಸೀಟಿಗೆ ಕಾಲು ಕೊಟ್ಟು ಮತ್ತೆ ಎಳೆದರು. ಲಿವರ್ ಜಪ್ಪಯ್ಯ ಅನ್ನಲಿಲ್ಲ. ಅವರ ಸೊಂಟ ಅಂದಿತು.

"ಹದಿನಾಲ್ಕರ ಸ್ಪ್ಯಾನರ್ ಇದ್ದಿದ್ರೆ ಇಷ್ಟೊತ್ತಿಗೆ ಮುಗೀತಿತ್ತು! ನಿನ್ನ ತಮ್ಮ ಹೊತ್ಕೊಂಡು ಹೋದ್ನಲ್ಲ!"

ಕೆಳಗೆ ನಿಂತು ನೋಡುತ್ತಿದ್ದ ಹೆಂಡತಿಯ ಮುಖ ಸಪ್ಪಗಾಯಿತು. ಈ ಕಳ್ಳತನ ಹೊರಿಸಿದ್ದಕ್ಕೇ ಆಕೆಯ ಒಬ್ಬನೇ ತಮ್ಮ ಒಂದು ವರ್ಷದಿಂದ ಈ ಮನೆಯ ಹೊಸಿಲು ತುಳಿದಿರಲಿಲ್ಲ.

"ಅವನು ತಗೊಂಡಿಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ಬೇರೆ ಎಲ್ಲಾದ್ರೂ ಸಿಕ್ಲಿ, ನಾನೇ ಫೋನ್ ಮಾಡಿ ತಪ್ಪಾಯ್ತು ಅಂತೀನಿ!" ಬಿಚ್ಚಪ್ಪನವರು ಭೀಷ್ಮಪ್ರತಿಜ್ಞೆ ಮಾಡಿದರು.

ಆಕೆ ಸೆರಗು ಸಿಕ್ಕಿಸಿ ಲಾರಿ ಹತ್ತಿದಳು. "ಸರೀರಿ ಆ ಕಡೆ. ಕೆಮ್ಮಿನ ಔಷಧಿ ಮುಚ್ಚಳಾನೂ ಹೀಗೇ ಎಳೆದೆಳೆದು ಮುರೀತೀರಿ. ಮೊದ್ಲು ಕೆಳಗೆ ಒತ್ತಬೇಕು, ಆಮೇಲೆ ತಿರುಗಿಸ್ಬೇಕು."

"ಇದು ಲಾರಿ ಕಣೇ, ಇದಕ್ಕೆ ಕೆಮ್ಮಿಲ್ಲ!"

ಆಕೆ ಲಿವರಿನ ಬುಡದ ಮುಚ್ಚಳವನ್ನು ಎರಡೂ ಕೈಯಿಂದ ಅದುಮಿ ಎಡಕ್ಕೆ ತಿರುಗಿಸಿದಳು. ಲಿವರ್ ಮರುಮಾತಿಲ್ಲದೆ ಎದ್ದು ಬಂತು.

ಅವಮಾನಪಡಲು ಬಿಚ್ಚಪ್ಪನವರಿಗೆ ಪುರುಸೊತ್ತಿರಲಿಲ್ಲ. ಒಳಗೆ ಏನಿದೆಯೋ ಎಂಬ ಕುತೂಹಲದಲ್ಲಿ ತಗಡೆತ್ತಿದರು. ಇಬ್ಬರೂ ತಲೆಗೆ ತಲೆ ತಾಗಿಸಿ ಇಣುಕಿದರು. ಗೇರ್‌ಬಾಕ್ಸಿನ ಮೇಲೆ, ಮೈಯೆಲ್ಲ ಗ್ರೀಸ್ ಮೆತ್ತಿಕೊಂಡು, ಹದಿನಾಲ್ಕರ ಸ್ಪ್ಯಾನರ್ ಮಲಗಿತ್ತು. ಹೋದ ವರ್ಷ ಲಿವರಿನ ರಬ್ಬರ್ ಸರಿಸಿ ಗ್ರೀಸ್ ಹಚ್ಚಿದವರು ಯಾರೆಂದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

"ಪಾಪ, ಅವತ್ತಿಂದ ಇಲ್ಲೇ ಇದ್ದೀನಿ ಅಂತ ಕೂಗ್ತಾನೇ ಇತ್ತು," ಎಂದಳು ಹೆಂಡತಿ.

"ಅದಿರ್ಲಿ, ಲಿವರ್ ಕೊಡು. ನಾಳೆ ಬೆಳಿಗ್ಗೆ ಲೋಡಿದೆ."

ಆಕೆ ಲಿವರನ್ನು ಕಂಕುಳಲ್ಲಿ ಭದ್ರವಾಗಿ ಇರುಕಿಕೊಂಡು, ತಮ್ಮನಿಗೆ ಫೋನ್ ಹಚ್ಚಿ, ಗಂಡನ ಕಿವಿಗೆ ಹಿಡಿದಳು.

"ಹಲೋ... ಭಾವ?"

ಊರಲ್ಲಿರುವುದನ್ನೆಲ್ಲ ಬಿಚ್ಚಿದ ಬಿಚ್ಚಪ್ಪನವರಿಗೆ ಬಾಯಿ ಬಿಚ್ಚಲಾಗಲಿಲ್ಲ. ಹೆಂಡತಿ ಅವರ ನೆತ್ತಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಕೆಳಗೆ ಒತ್ತಿದಳು. ಇನ್ನೂ ತಿರುಗಿಸಿರಲಿಲ್ಲ.

"ತಪ್ಪಾಯ್ತು ಕಣಪ್ಪಾ!" ಎಂದರು ಬಿಚ್ಚಪ್ಪನವರು.