ಕೆಂಪು ಮಗ್ಗಿನ ಮನೆ

ಆ ಐತವಾರದ ಗೊಂದಲಕ್ಕೆಲ್ಲ ಮೂಲ ಬಾತ್‌ರೂಮಿನ ಒಂದು ಕೆಂಪು ಮಗ್ಗು. ಅದನ್ನು ಗೇಟಿಗೆ ಕಟ್ಟಿದವಳು ಶಾಲುಬಾಯಿ. ಕಟ್ಟಿದ್ದು ಗಂಡನ ಸಲುವಾಗಿ.

ಗಂಡ ಗೋರಖನಾಥ, ಖಟಕ ಚಿಂಚೋಳಿ ಎಂಬ ಊರಿನಲ್ಲಿ ಪೋಸ್ಟ್‌ಮನ್ ಆಗಿದ್ದವನು. 'ಬೇವಿನ ಗಿಡದ ಹಿಂದಿನ ಮನಿ' ಎಂದಷ್ಟೇ ಬರೆದ ಕಾಗದವನ್ನೂ ತಪ್ಪದೆ ಮುಟ್ಟಿಸಿದವನು. ರಿಟೈರಾದ ಮೇಲೆ ಬೀದರಿನ ಅಂಚಿಗೆ, ಕೊಳಾರದ ಕಾರ್ಖಾನೆಗಳ ಆಚೆ, 'ಸಮೃದ್ಧಿ ವಿಹಾರ' ಎಂಬ ಹೊಸ ಬಡಾವಣೆಯಲ್ಲಿ ಮನೆ ಕೊಂಡ. ಅಲ್ಲಿ ಎಲ್ಲ ಮನೆಗೂ ಒಂದೇ ಕೆನೆಬಣ್ಣ, ಒಂದೇ ಕಂದು ಗೇಟು, ಗೇಟಿನ ಪಕ್ಕ ಒಂದೇ ಎತ್ತರದ ಅಶೋಕ ಗಿಡ. ಒಂದೇ ಅಚ್ಚಿನಿಂದ ಉದುರಿದ ಬಿಸ್ಕೀಟುಗಳನ್ನು ಯಾರೋ ಬಯಲಿನಲ್ಲಿ ಜೋಡಿಸಿಟ್ಟಂತಿತ್ತು. ಊರವರ ಮನೆಗಳನ್ನೆಲ್ಲ ಹುಡುಕಿದವನಿಗೆ ಇಲ್ಲಿ ಸ್ವಂತ ಮನೆಯೇ ಸಿಗದಾಯಿತು. ಹೋದ ವಾರವಷ್ಟೇ ಹಿಂದಿನ ಸಾಲಿನ ಶಮೀಮಳ ಮನೆಗೆ ಹೊಕ್ಕು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಫ್ಯಾನಿನ ಕೆಳಗೆ ನಿದ್ದೆ ಹೋಗಿದ್ದ. ಬಡಾವಣೆ ಇನ್ನೂ ನಕ್ಕು ಮುಗಿಸಿರಲಿಲ್ಲ.

ಮನೆಗಳಿಗೆ ನಂಬರುಗಳಿರಲಿಲ್ಲವೆಂದಲ್ಲ, ಅತಿಯಾಗಿದ್ದವು. ಬಿಲ್ಡರನದೊಂದು, ಮನೆ ತೆರಿಗೆಯದೊಂದು, ಕಮಿಟಿಯದೊಂದು. ಒಂದಕ್ಕೊಂದು ಹೊಂದದ್ದರಿಂದ ಕಮಿಟಿ ಸೆಕ್ರೆಟರಿ ಫಕ್ರೋದ್ದೀನ ಸಾಹೇಬರು ಎಲ್ಲ ಫಲಕ ಬಿಚ್ಚಿಸಿ, ಒಂದೇ ನಮೂನೆಯ ಫಲಕಗಳಿಗಾಗಿ ಹೈದರಾಬಾದಿಗೆ ಆರ್ಡರು ಕೊಟ್ಟಿದ್ದರು. ಹೀಗೆ ಎಲ್ಲರಿಗೂ ನಿವಾಸ ಉಳಿದು, ವಿಳಾಸ ಹೋಗಿತ್ತು.

ಈ ಐತವಾರ ಮಾತ್ರ ದಾರಿ ತಪ್ಪುವಂತಿರಲಿಲ್ಲ. ಮಗಳು ಮಹಾಮಾಯಾಳನ್ನು ನೋಡಲು ಔರಾದಿನಿಂದ ಕೈಲಾಶ ಎಂಬ ಹುಡುಗನ ಮನೆಯವರು ಬರುವವರಿದ್ದರು. ಮಾತೆಲ್ಲ ಫೋನಿನಲ್ಲೇ ಆಗಿತ್ತು. ಫೋಟೋಗಳೂ ಹೋಗಿ ಬಂದಿದ್ದವು. ಆದರೆ ಎರಡೂ ಕಡೆಯವರು ಮೊಬೈಲಿನಲ್ಲೇ ತಿಕ್ಕಿ ತೊಳೆದು ಕಳಿಸಿದ್ದರಿಂದ ಆ ಮುಖಗಳು ಯಾರಿಗೆ ಬೇಕಾದರೂ ಹೊಂದುವಂತಿದ್ದವು. ಮೊದಲೇ ಎರಡು ಸಂಬಂಧ ತಪ್ಪಿದ್ದವು. ಹೆಣ್ಣಿನ ಅಪ್ಪನಿಗೆ ತನ್ನ ಮನೆಯೇ ಗೊತ್ತಿಲ್ಲ ಎಂಬುದು ಬೀಗರ ಕಿವಿಗೆ ಬಿದ್ದರೆ ಮೂರನೆಯದೂ ಹೋದಂತೆಯೇ.

"ಈ ಮಗ್ಗು ನೋಡ್ಕೊಂಡು ಬರ್ರಿ," ಎಂದಳು ಶಾಲುಬಾಯಿ. "ಔರಾದಿನವರಿಗೂ ಇದ ಗುರ್ತು ಹೇಳೀನಿ. ಪೇಡಾ ತಗೊಂಡು ಲಗೂ ಬರ್ರಿ."

ಅವನು ಸ್ಕೂಟರಿಗೆ ಒದೆಯುತ್ತಿದ್ದಾಗಲೇ ಶಮೀಮ ಆ ದಾರಿಯಲ್ಲಿ ಬಂದಳು. "ಕಾಕೂ, ಬಚ್ಚಲ ಮನಿ ಬೀದಿಗೆ ಬಂತೇನ್ರಿ?"

ಗಂಡನ ಮಾನ ಹೇಗೆ ಕಳೆಯುವುದು? ಶಾಲುಬಾಯಿ ಬಾಯಿಗೆ ಬಂದದ್ದು ಹೇಳಿದಳು: "ಮನಿಗೆ ಛಲೋ ಅಂತಾರವಾ. ಕಟ್ಟಿದ್ದೇ ತಡ, ಮಗಳಿಗೆ ಸಂಬಂಧ ಬಂತು ನೋಡು."

ಗೋರಖನಾಥ ಪೇಟೆಯ ಗದ್ದಲದಲ್ಲಿ ಪೇಡಾ ಕಟ್ಟಿಸಿಕೊಂಡು, ಹೊತ್ತೇರಿದ ಮೇಲೆ ತಿರುಗಿ ಬಂದ. ಬಂದವನು ಸ್ಕೂಟರಿನ ಮೇಲೆಯೇ ಕಲ್ಲಾದ. ಗೇಟು ಗೇಟಿಗೂ ಕೆಂಪು ಮಗ್ಗು ಮೊಗ್ಗಿನಂತೆ ಅರಳಿ ತೂಗುತ್ತಿತ್ತು. ಫೋನು ಮಾಡೋಣವೆಂದರೆ ಅದು ಮನೆಯಲ್ಲೇ ಚಾರ್ಜಿಗೆ ಇತ್ತು.

ಫಕ್ರೋದ್ದೀನ ಸಾಹೇಬರು ಮೂಲೆಯ ಗೇಟಿಗೆ ಮಗ್ಗು ಕಟ್ಟುತ್ತಿದ್ದರು.

"ಏನ್ರಿ ಸಾಹೇಬ್ರ ಇದು?"

"ಮುಂಜಾನಿ ಒಂದ ಮನಿಗಿತ್ತು. ಬಿಚ್ಚಿ ಒಗೀಬೇಕಂತ ಬಂದೆ. ಅಷ್ಟರಾಗ ಮನಿಗೆ ಛಲೋ ಅಂತ ಅರ್ಧಾ ಕಾಲನಿ ಕಟ್ಟಿಬಿಟ್ಟಿತ್ತು. ಅರ್ಧಾ ಮನಿಗೆ ಅದ, ಅರ್ಧಾ ಮನಿಗೆ ಇಲ್ಲ ಅಂದ್ರ ನೋಡ್ಲಿಕ್ಕೆ ಹ್ಯಾಂಗ ಕಾಣ್ತದ್ರಿ? ಉಳದೋರಿಗೆ ಕಮಿಟಿಯಿಂದ ನಾನೇ ಕಟ್ಟಲಿಕತ್ತೀನಿ. ಏಕರೂಪ ಇರಬೇಕು ನೋಡ್ರಿ."

"ನಮ್ಮ ಮನಿ..." ಎಂದು ರಾಗ ಎಳೆದ ಗೋರಖನಾಥ.

"ನಿಮ್ಮದೂ ಕಟ್ಟಿ ಅದ. ಫಿಕರ್ ಮಾಡಬ್ಯಾಡ್ರಿ." ಅಷ್ಟರಲ್ಲಿ ಯಾರೋ ಅವರನ್ನು ಕರೆದರು. ಅವರು ಹೋಗಿಯೇಬಿಟ್ಟರು.

ಗೋರಖನಾಥ ಬುದ್ಧನನ್ನು ನೆನೆದು ಒಂದು ಗೇಟು ತೆರೆದ. ಒಳಗಿನಿಂದ ಬಂದವಳು ಶಮೀಮ.

"ಬರ್ರಿ ಕಾಕಾ. ಈ ಸಲ ಅಂಗಿ ಮೈಮ್ಯಾಲೇ ಅದಲ್ಲ, ಛಲೋ ಆತು. ಕುಂದ್ರಿ."

"ಸುಮ್ನ ಮಾತಾಡ್ಸಿ ಹೋಗೂಣಂತ ಬಂದೆನವಾ," ಎಂದು ಕುಳಿತ.

ಆ ಕಡೆಯ ರಿವಾಜೇ ಹಾಗೆ. ಹೊಸ್ತಿಲು ದಾಟಿ ಬಂದವನಿಗೆ ಮೊದಲು ನೀರು, ಆಮೇಲೆ ತಿನ್ನಲಿಕ್ಕೆ, ಆಮೇಲೆ ಚಾ. ಯಾರು, ಯಾಕೆ ಬಂದಿರಿ ಎಂದು ಬಾಯಿಬಿಟ್ಟು ಕೇಳಿದರೆ ಮನೆತನದ ಮಾನ ಹೋಯಿತು. ಬಂದವನೂ ಅಷ್ಟೇ, ಚಾ ಮುಗಿಸದೆ ಎದ್ದರೆ ಜಗಳ ತೆಗೆದಂತೆ. ಗೋರಖನಾಥ ಚಾ ಕುಡಿದು, ಅವಳ ಕೂಸಿನ ಕೈಗೆ ಪೇಡಾ ಇಟ್ಟು ಹೊರಬಿದ್ದ. ಮುಂದಿನ ಮನೆಯಲ್ಲಿ ಸೂಸಲಾ, ಚಾ. ಅದರಾಚೆಗಿನ ಮನೆಯಲ್ಲಿ ಶೀರಾ, ಚಾ. ಹೊಟ್ಟೆ ನಗಾರಿಯಾಗುತ್ತಾ ಬಂತು, ಪೇಡಾದ ಡಬ್ಬಿ ಹಗುರಾಗುತ್ತಾ ಬಂತು. ಮನೆ ಮಾತ್ರ ಬರಲಿಲ್ಲ.

ಕೊನೆಗೆ ಒಂದು ಗೇಟಿನ ಮುಂದೆ ಪರವೂರಿನ ಜೀಪು ನಿಂತದ್ದು ಕಂಡಿತು. ಬಂದರು ಬೀಗರು! ಅವನು ಒಳಗೆ ನುಗ್ಗಿದ.

ಅಲ್ಲಿ ಎದುರಾದವನು ವಿಶ್ವಾಸ. ಅವನಿಗೂ ಮದುವೆಗೆ ಬಂದ ಮಗಳಿದ್ದಳು.

"ಬರ್ರಿ ಕಾಕಾ, ಬಾಯಿ ಸೀ ಮಾಡ್ಕೋರಿ!" ಎಂದು ವಿಶ್ವಾಸ ಹಿಡಿ ಸಕ್ಕರೆಯನ್ನು ಅವನ ಬಾಯಿಗೆ ಸುರಿದ. "ನಮ್ಮ ಹುಡುಗಿದು ಈಗ ಸಾಕರಪುಡಾ ಆತು, ಮದುವಿ ಮಾತು ಪಕ್ಕಾ ಆತು. ಎಲ್ಲಾ ನಿಮ್ಮ ಮಗ್ಗಿನ ಪುಣ್ಯಾರಿ! ಮುಂಜಾನಿ ಕಟ್ಟಿದೆ, ಭಾಲ್ಕಿಯವರಿಗೆ ಇವತ್ತ ಬರ್ರಿ ಅಂತ ಫೋನ್ ಮಾಡಿದೆ, ಬಂದ್ರು, ನೋಡಿದ್ರು, ಸಕ್ಕರಿ ಹಂಚಿದ್ರು."

ಗೋರಖನಾಥ ಸಕ್ಕರೆ ಜಗಿಯುತ್ತ ಹುಡುಗನನ್ನು ಮಾತಾಡಿಸಿದ. "ಹೆಸರೇನಪಾ?"

"ಕೈಲಾಶ ರೀ. ಔರಾದ ನಮ್ದು."

ಸಕ್ಕರೆ ಬಾಯಲ್ಲೇ ಜಲ್ಲಿಯಾಯಿತು. ವಿಶ್ವಾಸನ ಮುಖ ಜೋತುಬಿತ್ತು. "ಔರಾದ? ನೀವು ಭಾಲ್ಕಿಯವರಲ್ಲೇನ್ರಿ?"

"ಭಾಲ್ಕಿ ಅಂತ ನಾವ್ಯಾವಾಗ ಅಂದೇವ್ರಿ?" ಎಂದ ಹುಡುಗನ ಅಪ್ಪ. "ಕೆಂಪು ಮಗ್ಗಿನ ಮನಿ ಅಂದಿದ್ರು, ಬಂದೇವಿ. ಕುಂದ್ರಿ ಅಂದ್ರಿ, ಕುಂತೇವಿ. ನೀವೂ ಕೇಳಲಿಲ್ಲ, ನಾವೂ ಹೇಳಲಿಲ್ಲ."

"ನೀವು ಬರಬೇಕಾಗಿದ್ದು ನಮ್ಮ ಮನಿಗ್ರೀ!" ಗೋರಖನಾಥ ಚೀರಿದ.

"ಹೌದೇನು? ಯಾವುದ್ರಿ ನಿಮ್ಮ ಮನಿ?"

ಗೋರಖನಾಥ ಕಿಟಕಿಯಿಂದ ಕೈ ಚಾಚಿದ. ಬೆರಳು ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು, ಹೊರಳಿ ಬಂತು, ಮೆಲ್ಲಗೆ ಜೇಬಿಗೆ ಇಳಿಯಿತು.

"ಹೋಗ್ಲಿ ಬಿಡ್ರಿ," ಎಂದ ಹುಡುಗನ ಅಪ್ಪ ಕನಿಕರದಿಂದ. "ಹುಡುಗಿ ನಮಗ ಪಸಂದ ಬಂದಾಳ. ತಿಂದ ಸಕ್ಕರಿ ತಿರುಗಿ ಕೊಡ್ಲಿಕ್ಕೆ ಬರ್ತದೇನ್ರಿ?"

ಆಗ ಬಾಗಿಲಲ್ಲಿ ಶಾಲುಬಾಯಿ ಕಾಣಿಸಿದಳು, ಹಿಂದೆ ಫಕ್ರೋದ್ದೀನ ಸಾಹೇಬರು. ಅವಳ ಕೈಯಲ್ಲಿ ಸಕ್ಕರೆಯ ತಾಟು.

"ಎಲ್ಲೆಲ್ಲಿ ಹುಡುಕೂದ್ರಿ ನಿಮ್ಮನ್ನ! ಬೀಗರು ಬಂದ್ರು, ಉಂಡ್ರು, ನಮ್ಮ ಮಹಾಮಾಯಾಂದು ಸಾಕರಪುಡಾ ಮಾಡಿ ಹೋದ್ರು. ಹುಡುಗ ಬಂಗಾರ ಬಂಗಾರ! ಆಕೀಗೂ ಬಾಳ ಪಸಂದ. ಅವರಿಗೆ ಅವಸರಿತ್ತು, ನಿಮ್ಮ ಬದ್ಲಿ ಈ ಸಾಹೇಬ್ರ ಹಿರೇರಾಗಿ ಕುಂತಿದ್ರು."

"ಕಮಿಟಿ ವತಿಯಿಂದ," ಎಂದರು ಸಾಹೇಬರು ವಿನಯದಿಂದ.

ವಿಶ್ವಾಸ ತೊಡೆ ತಟ್ಟಿ ಎದ್ದ. "ತಿಳೀತು! ನಿಮ್ಮ ಔರಾದಿನವರು ನಮ್ಮಲ್ಲಿ ಬಂದ್ರು, ನಮ್ಮ ಭಾಲ್ಕಿಯವರು ನಿಮ್ಮಲ್ಲಿ ಹೋದ್ರು. ಅದಲಾ ಬದಲಿ! ಭಾಲ್ಕಿಯವರು ಬಾಳ ಛಲೋ ಮಂದಿ ಕಾಕಾ, ನಿಮಗೇನೂ ಲುಕ್ಸಾನ ಆಗಿಲ್ಲ."

ಎಲ್ಲರೂ ನಕ್ಕರು. ಗೋರಖನಾಥನ ಎದೆಯ ಮೇಲಿನ ಕಲ್ಲು ಇಳಿಯಿತು. ಅವನೇ ಎರಡನೆಯ ಹಿಡಿ ಸಕ್ಕರೆ ತೆಗೆದುಕೊಂಡ. ಅಷ್ಟರಲ್ಲಿ ವಿಶ್ವಾಸನ ಫೋನು ಹೊಡೆದುಕೊಂಡಿತು. "ನೋಡ್ರಿ, ಅವರದೇ!" ಎಂದು ಅವನು ಎಲ್ಲರಿಗೂ ಕೇಳುವಂತೆ ಇಟ್ಟ.

"ಮಾಫ ಮಾಡ್ರಿ ವಿಶ್ವಾಸರಾವ್," ಎಂದಿತು ಫೋನು. "ಮುಂಜಾನಿಂದ ಗಾಡಿ ಕೆಟ್ಟು ಅರ್ಧಾ ದಾರ್ಯಾಗ, ಹಲಬರ್ಗಾದಾಗೇ ನಿಂತೇವಿ. ಇವತ್ತ ಬರೂದು ಆಗಂಗಿಲ್ರಿ."

ಸಕ್ಕರೆ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು.

"ಶಾಲೂ," ಎಂದ ಗೋರಖನಾಥ ಸಕ್ಕರೆಯನ್ನು ತಾಟಿಗೆ ತಿರುಗಿ ಸುರಿದು, "ನಮ್ಮ ಮನಿಗೆ ಬಂದೋರು ಯಾರು?"

"ನನಗೇನ ಗೊತ್ತು? ಮನಿಗೆ ಬಂದೋರ್ನ ನೀವ್ಯಾರು ಅಂತ ಹ್ಯಾಂಗ ಕೇಳ್ಲಿ?"

"ಸಾಹೇಬ್ರ, ನೀವರೆ ಕೇಳಬಾರದೇನ್ರಿ?"

"ಕೇಳೂ ಹಾಂಗ ಏನೂ ಇರಲಿಲ್ರಿ. ಎಲ್ಲಾರೂ ಒಂದೇ ಬಣ್ಣದ ಅಂಗಿ ಹಾಕ್ಕೊಂಡಿದ್ರು. ಬಾಳ ಚಂದ ಕಾಣ್ತಿತ್ತು."

"ಫೋನ್ ನಂಬರು? ಊರು? ಏನರೆ ಹೇಳ್ಯಾರೇನು?"

ಶಾಲುಬಾಯಿಯ ಮುಖ ಅರಳಿತು. "ಊರ್ಯಾಕ್ರಿ, ಬೀದರದಾಗೇ ಅದಾರ. ಬರೂ ಐತವಾರ ಲಗ್ನದ ತಾರೀಖ ಹಿಡೀಲಿಕ್ಕೆ ನೀವು ಅವರ ಮನಿಗೆ ಹೋಗಬೇಕಂತ. ಹೊಸಾ ಕಾಲನಿ ಅಂತ್ರಿ. ಹುಡುಕೂದು ಬಾಳ ಸಲೀಸ ಅಂದ್ರು, ಮನಿ ಎಲ್ಲಾ ಒಂದೇ ಥರ ಅವ ಅಂತ."