ವಲ್ಲಿಯ ಕೆಳಗಿನ ಲೆಕ್ಕ

ನಮ್ಮ ಮಾವ ಮಾತಿನ ಮಲ್ಲ ಎಂಬುದು ಆಂಧ್ರದ ಗಡಿಯ ಆದವಾನಿಯಲ್ಲಿ ಅರ್ಧ ಊರಿಗೆ ಗೊತ್ತು. ಆದರೆ ಅವನ ಬಾಯಿಂದ ಒಂದೇ ಒಂದು ಅಂಕಿ ಹೊರಬಿದ್ದದ್ದನ್ನು ಕೇಳಿದವರು ಮಾತ್ರ ಇಡೀ ಊರಿನಲ್ಲಿ ಯಾರೂ ಇರಲಿಲ್ಲ! ನಂಬುವುದಿಲ್ಲವೇ? ಊಟಕ್ಕೆ ಕೂತಾಗ "ಎಷ್ಟು ರೊಟ್ಟಿ ಹಾಕ್ಲಿ ಮಾವಾ?" ಎಂದು ಕೇಳಿ ನೋಡಿ. "ಹಾಕ್ಕೋಂತ ಹೋಗವ್ವಾ, ಸಾಕಾದ್ರ ಕೈ ಅಡ್ಡ ಹಿಡೀತೀನಿ" ಎನ್ನುತ್ತಾನೆ. ವಯಸ್ಸು ಕೇಳಿದರೆ "ನಿಮ್ಮವ್ವನಕಿಂತ ದೊಡ್ಡಾವ". ಸಮಯ ಕೇಳಿದರೆ ಕೈಗಡಿಯಾರವನ್ನೇ ನಮ್ಮ ಮೂಗಿನ ಮುಂದೆ ಹಿಡಿಯುತ್ತಾನೆ!

ಮಾವ ಎಂದರೆ ನನ್ನ ಅವ್ವನ ಅಣ್ಣ. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದು ಗೋಡೆ, ಅದೂ ಮೋಟುಗೋಡೆ. ಅವನ ಕಸುಬು ಎತ್ತಿನ ದಲ್ಲಾಳಿತನ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿ ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ವಲ್ಲಿ ಮಾತ್ರ. ಮೀಸೆ ಮೂಡುವ ಮುಂಚಿನಿಂದ ಈ ಕೆಲಸ ಮಾಡುತ್ತ ಬಂದ ಮಾವನಿಗೆ ಅಂಕಿ ಎಂದರೆ ಬೆರಳಿನಲ್ಲಿರಬೇಕಾದ ವಸ್ತು. "ಬಾಯಿಂದ ಬಿದ್ದ ಅಂಕಿ, ಕೈಯಿಂದ ಬಿಟ್ಟ ಹಗ್ಗ, ಹೊಳ್ಳಿ ಬರೂದಿಲ್ಲವ್ವಾ" ಎನ್ನುವುದು ಅವನ ವೇದವಾಕ್ಯ.

ಲೋಕವನ್ನೆಲ್ಲ ಅವನು ಸಂತೆಯ ಕಣ್ಣಿನಿಂದಲೇ ನೋಡುತ್ತಾನೆ. ನನ್ನನ್ನು ನೋಡಲು ವರನ ಕಡೆಯವರು ಬಂದಾಗ ಹುಡುಗನ ಓದು, ನೌಕರಿ ಯಾವುದನ್ನೂ ಕೇಳಲಿಲ್ಲ. ಎದುರಿಗೆ ಕುಳಿತು ಒಂದರ ಹಿಂದೊಂದು ನಗೆಚಟಾಕಿ ಹಾರಿಸಿದ. ಪಾಪ, ಹುಡುಗ ಬಾಯ್ತುಂಬ ನಕ್ಕ. ಮಾವ ಮೆಲ್ಲಗೆ ಒಳಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದ: "ಬಾಯಿಗೂಡ್ಯಾನ, ಹಲ್ಲು ಗಟ್ಟಿ ಅದಾವ. ಕೊಡಬಹುದು." ಎಲ್ಲ ಹಲ್ಲೂ ಬಂದ ಎತ್ತಿಗೆ 'ಬಾಯಿಗೂಡಿದೆ' ಎನ್ನುವುದು ಸಂತೆಯ ಮಾತು. ನನ್ನ ಯಜಮಾನರಿಗೆ ಈ ವಿಷಯ ಇಂದಿಗೂ ಗೊತ್ತಿಲ್ಲ. ತಮ್ಮ ಸಂಬಳ ನೋಡಿ ಹೆಣ್ಣು ಕೊಟ್ಟರೆಂದು ತಿಳಿದಿದ್ದಾರೆ!

ಇಂಥ ಮಾವನ ಕೈಗೆ ಮೊಮ್ಮಗಳು ಚಿನ್ನುವನ್ನು ಶಾಲೆಗೆ ತಯಾರು ಮಾಡುವ ಕೆಲಸ ಸಿಕ್ಕಿತು. ಮಗನಿಗೆ ಜಿನ್ನಿಂಗ್ ಮಿಲ್ಲಿನ ಪಾಳಿ, ಸೊಸೆಗೆ, ಅಂದರೆ ನನ್ನ ಅತ್ತಿಗೆಗೆ, ಮನೆಗೆಲಸ ಮತ್ತು ಹೊಲಿಗೆ ಮಷೀನು. ಚಿನ್ನುವಿಗೆ ಐದು ತುಂಬಿತ್ತು. ಓಣಿಯಲ್ಲಿ ಅವಳ ಜೊತೆಗೆ ಅಂಗನವಾಡಿಗೆ ಹೋಗುತ್ತಿದ್ದ ಮೂವರು ಗೆಳತಿಯರೂ ಈ ಸಲ ಒಂದನೇ ತರಗತಿಗೆ ಸೇರಿ ಆಗಿತ್ತು. ಇವಳಿಗೂ ಅದೇ ಧ್ಯಾನ. ಅತ್ತಿಗೆ ಹೊಲಿದಿಟ್ಟ ನೀಲಿ ಲಂಗ ತೊಟ್ಟುಕೊಂಡೇ ಮಲಗುತ್ತಿದ್ದಳು.

ಆದರೆ ಮಾವನದು ಬೇರೆಯೇ ಪಂಚಾಂಗ. "ಹಾಲಹಲ್ಲು ಬೀಳದ ಕರಕ್ಕ ನೊಗ ಹೂಡಬಾರದು" ಎಂದು ಪಟ್ಟು ಹಿಡಿದ.

"ಮಾವಾರ, ಸಾಲ್ಯಾಗ ಆಧಾರ್ ಕಾರ್ಡ್ ಕೇಳ್ತಾರ್ರಿ, ಹಲ್ಲು ಕೇಳೂದಿಲ್ಲ" ಎಂದಳು ಅತ್ತಿಗೆ.

"ಕಾರ್ಡು ಸುಳ್ಳು ಹೇಳ್ತೈತಿ. ಹಲ್ಲು ಹೇಳ್ತೈತೇನು?"

ದಿನಾ ಬೆಳಿಗ್ಗೆ ಚಿನ್ನುವನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಗಲ್ಲ ಹಿಡಿದು, ಮುಂದಿನ ಹಲ್ಲನ್ನು ಅಲುಗಿಸಿ ನೋಡುವ ಕಾರ್ಯಕ್ರಮ ಶುರುವಾಯಿತು. ಅದು ಅಲುಗಿತೋ, ಮಾವನ ತಪಾಸಣೆಗೆ ಬೇಸತ್ತು ತಾನೇ ಸಡಿಲಾಯಿತೋ, ಅಂತೂ ಒಂದು ದಿನ ಬಿದ್ದೇ ಬಿದ್ದಿತು. ಮಾವ ಅಂದು ಓಣಿಗೆಲ್ಲ ಮಂಡಕ್ಕಿ ಒಗ್ಗರಣೆ ಹಂಚಿಸಿದ.

ಮುಂದಿನದು ಚೀಲದ ಪಾಠ. "ಹೋರಿಗೆ ಒಮ್ಮಿಗ್ಲೇ ಬಂಡಿ ಹೂಡ್ತಾರೇನು? ಮದ್ಲ ಖಾಲಿ ನೊಗ, ಆಮ್ಯಾಲೆ ಕಟಿಗಿ ತುಂಡು, ಆಮ್ಯಾಲೆ ಬಂಡಿ" ಎಂದು ಚಿನ್ನುವಿನ ಬೆನ್ನಿಗೆ ಹೊಸ ಚೀಲ ಏರಿಸಿ ಶಾಲೆಯ ದಾರಿ ತುಳಿಸತೊಡಗಿದ. ಮೊದಲು ಖಾಲಿ ಚೀಲ. ಆಮೇಲೆ ಪಾಟಿ. ಆಮೇಲೆ ಬದನೆಕಾಯಿ. ಎರಡನೇ ವಾರಕ್ಕೆ ಜೋಳದ ಪೊಟ್ಟಣ! ಆ ದಿನ ಪೊಟ್ಟಣ ಒಡೆದು, ಚೀಲದ ಹೊಲಿಗೆಯ ಸಂದಿಯಿಂದ ಕಾಳು ಉದುರಿ, ಚಿನ್ನುವಿನ ಹಿಂದೆ ಓಣಿಯ ಕೋಳಿಗಳೆಲ್ಲ ಮೆರವಣಿಗೆ ಹೊರಟವು. ಮೂಲೆಮನೆಯ ದರ್ಜಿ ಸಾಹೇಬರು ಕತ್ತರಿ ಕೆಳಗಿಟ್ಟು, "ಕ್ಯಾ ದಾದಾ, ಪೂರಾ ಕ್ಲಾಸ್ ಲೇಕೆ ಜಾರೇಂ?" ಎಂದು ಕೂಗಿದರು. ಪೂರಾ ತರಗತಿಯೇನೋ ಹೊರಟಿತ್ತು. ಶಾಲೆಯ ಗೇಟಿನವರೆಗೂ ಒಬ್ಬರೂ ಗೈರುಹಾಜರಾಗಲಿಲ್ಲ!

ಇಷ್ಟೆಲ್ಲ ನಗುವ ಮಾತು. ಲೆಕ್ಕದ ಪಾಠ ಮಾತ್ರ ನಮ್ಮ ಬುಡಕ್ಕೇ ಬಂತು.

ಸಂಜೆ ಕಟ್ಟೆಯ ಮೇಲೆ ಅಜ್ಜ ಮೊಮ್ಮಗಳು ಎದುರುಬದುರು ಕುಳಿತು, ಕೈಗಳ ಮೇಲೆ ವಲ್ಲಿ ಹೊದ್ದು ತೆಪ್ಪಗೆ ಇರುತ್ತಿದ್ದರು. ಎಷ್ಟು ಬೆರಳು ಹಿಡಿದರೆ ಅಷ್ಟು. ಹಿಡಿದು ಬಿಟ್ಟು ಮತ್ತೆ ಹಿಡಿದರೆ ಕೂಡಿಸಬೇಕು, ಚಿವುಟಿದರೆ ಕಳೆಯಬೇಕು, ಬಾಯಿಂದ ಹೇಳಿದರೆ ಎತ್ತೇ ಹೋಯಿತು! ಚಿನ್ನು ತಿಂಗಳೊಳಗೆ ಪಂಡಿತೆಯಾದಳು. ನಾನೂ ಒಮ್ಮೆ ಕೈ ಕೊಟ್ಟೆ. ಆರಕ್ಕೆ ಮೂರು ಕೂಡಿಸಲು ಬಿಟ್ಟರೆ ನನ್ನ ಬೆರಳೇ ನನಗೆ ತಪ್ಪಿದವು. ಮಗು ನಕ್ಕುಬಿಟ್ಟಿತು. ಬಿ.ಕಾಂ. ಓದಿದ್ದೆಲ್ಲ ವಲ್ಲಿಯ ಕೆಳಗೆ ಹೋಯಿತು!

ಸೇರಿಸುವ ದಿನ ಮಾವ, ಅತ್ತಿಗೆ, ನಾನು, ಮೂವರೂ ಚಿನ್ನುವಿನ ಜೊತೆ ಹೋದೆವು. ಟೀಚರಮ್ಮ ಒಳ್ಳೆಯವರು, ನಂದವರದ ಕಡೆಯ ತೆಲುಗಿನವರು. ಮೇಜಿನ ಮೇಲೆ ಬಳಪ ಇಟ್ಟು, "ರೆಂಡೂ ಮೂಡೂ ಕಲಿಪಿತೇ ಎಂತಮ್ಮಾ?" ಎಂದು ಕೇಳಿದರು. ಚಿನ್ನುವಿಗೆ ತೆಲುಗು ಬಾರದೇ? ಓಣಿಯಲ್ಲಿ ಆಡುವುದೇ ಆ ಭಾಷೆ. ಆದರೆ ತುಟಿಗೆ ಹೊಲಿಗೆ ಹಾಕಿದಂತೆ ನಿಂತಳು. ಎರಡಕ್ಕೆ ಮೂರು ಕೂಡಿಸಿದರೆ ಎಷ್ಟು ಎಂದು ಕನ್ನಡದಲ್ಲಿ ಕೇಳಿದರು. ಇಲ್ಲ. ಬಳಪ ಎಣಿಸು ಎಂದರು. ಊಹೂಂ. ಬಾಗಿಲ ಬಳಿ ಇಷ್ಟು ಜನ ನಿಂತಿದ್ದಾರೆ, ಅಂಕಿ ಹೇಳುವುದುಂಟೇ?

"ಪಾಪಕಿ ಮಾಟಲು ರಾವಾ?" ಎಂದು ಟೀಚರಮ್ಮ ಅತ್ತಿಗೆಯ ಕಡೆ ನೋಡಿದರು. ಮಗುವಿಗೆ ಮಾತು ಬರುವುದಿಲ್ಲವೇ ಎಂಬ ಆ ಪ್ರಶ್ನೆಗೆ ಅತ್ತಿಗೆಯ ಕಣ್ಣು ತುಂಬಿದವು. "ಇನ್ನೊಂದು ವರ್ಷ ಅಂಗನವಾಡಿಯಲ್ಲೇ ಇರಲಿ ಅಮ್ಮಾ, ಅವಸರ ಬೇಡ" ಎಂದು ಅವರು ಹೇಳುವಷ್ಟರಲ್ಲಿ ಚಿನ್ನು ಅಜ್ಜನ ಹೆಗಲಿಂದ ವಲ್ಲಿ ಎಳೆದು, ಟೀಚರಮ್ಮನ ಕೈ ಮೇಲೆ ಹಾಕಿ, ಒಳಗೆ ಕೈ ತೂರಿಸಿ ಐದೂ ಬೆರಳು ಗಪ್ಪನೆ ಹಿಡಿದಳು.

"ಅಮ್ಮೋ! ಇದೇಂಟಿ?" ಎಂದು ಅವರು ಕುರ್ಚಿಯಿಂದ ಅರ್ಧ ಎದ್ದರು.

"ಐದು ಅಂತಾಳ್ರಿ ಮೇಡಂ" ಎಂದು ನಾನು ಕಥೆಯೆಲ್ಲ ಬಿಡಿಸಿ ಹೇಳಬೇಕಾಯಿತು. ಅವರಿಗೂ ಮೋಜೆನಿಸಿ ಇನ್ನೂ ನಾಲ್ಕು ಲೆಕ್ಕ ಕೇಳಿದರು. ನಾಲ್ಕಕ್ಕೂ ಸರಿಯುತ್ತರ, ಒಂದಕ್ಕೆ ಚಿವುಟು ಸ್ವಲ್ಪ ಜೋರಾಯಿತು, ಅಷ್ಟೇ. ಕೈ ಉಜ್ಜಿಕೊಳ್ಳುತ್ತ ನಕ್ಕರು. ನಕ್ಕು, ಮಾವನಿಗೆ ನಿಧಾನವಾಗಿ ಹೇಳಿದರು: "ತಾತಗಾರೂ, ಮಗು ಜಾಣೆ. ಆದರೆ ನನ್ನ ತರಗತಿಯಲ್ಲಿ ಮೂವತ್ತು ಮಕ್ಕಳು. ಎಲ್ಲರ ಕೈ ಹಿಡಿಯೋಕೆ ಆಗುತ್ತಾ? ಸೋಮವಾರ ಕರ್ಕೊಂಡು ಬನ್ನಿ. ಬಾಯಿಬಿಟ್ಟು ಹೇಳಿದರೆ ಒಂದನೇ ತರಗತಿ. ಇಲ್ಲದಿದ್ದರೆ ಒಂದು ವರ್ಷ ಕಾಯೋಣ."

ದಾರಿಯುದ್ದಕ್ಕೂ ಮಾವ ಮಾತಾಡಲಿಲ್ಲ. ಅವನು ಮಾತಾಡದೆ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮನೆಯಲ್ಲಿ ನಮ್ಮ ಸಾಮ ದಾನ ಎಲ್ಲ ಮುಗಿದವು. ಬೆಲ್ಲ, ಬಿಸ್ಕತ್ತು, ಮೊಬೈಲು, ಯಾವುದಕ್ಕೂ ಚಿನ್ನು ಬಗ್ಗಲಿಲ್ಲ. ಕೊನೆಗೆ ಭಾನುವಾರ ಸಂಜೆ ಮಾವನೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. "ಹೇಳವ್ವಾ, ಸಾಲ್ಯಾಗ ಹೇಳಬಹುದು. ಅದು ಸಂತಿ ಅಲ್ಲ."

"ನೀ ಹೇಳೂದಿಲ್ಲಲ್ಲಾ?"

"ನಾ ಮುದುಕ."

"ಹೇಳಿದ್ರ ಎತ್ತು ಹೋಗ್ತೈತಿ ಅಂದಿದ್ದಿ. ಮದ್ಲು ನೀ ಹೇಳು."

ಮಾವ ಬಾಯಿ ತೆರೆದ. ತೆರೆದಂತೆಯೇ ಮುಚ್ಚಿದ. ಎದ್ದು ಹೋಗಿ ಕಟ್ಟೆಯ ಮೇಲೆ ಕುಳಿತ. ನನಗೆ ಸಿಟ್ಟೇ ಬಂತು. ಒಂದು ಅಂಕಿ ಹೇಳಿದರೆ ಇವನ ಗಂಟೇನು ಹೋಗುತ್ತದೆ? ಮಗುವಿನ ವರ್ಷ ಹೋಗುತ್ತದಲ್ಲ! ಗೋಡೆಯ ಈಚೆಯಿಂದ ಎರಡು ಮಾತು ಬೈದೂ ಬೈದೆ.

ಸೋಮವಾರ ಬೆಳಿಗ್ಗೆ ಚಿನ್ನುವಿನ ಕೈ ಹಿಡಿದು ಮಾವ ಮುಂದೆ, ನಾನು ಹಿಂದೆ. ಅತ್ತಿಗೆ ಅಳು ತಡೆಯಲಾರೆ ಎಂದು ಮನೆಯಲ್ಲೇ ಉಳಿದಳು. ಶಾಲೆಯ ದಾರಿಯಲ್ಲಿ ಚಹಾದಂಗಡಿ ಇದೆ. ಸಂತೆಯ ದಲ್ಲಾಳಿಗಳೆಲ್ಲ ಕೂಡುವ ಜಾಗ. ಎಂಟ್ಹತ್ತು ವಲ್ಲಿಗಳು ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಅಲ್ಲಿಗೆ ಬಂದವನೇ ಮಾವ ನಿಂತ. ಚಿನ್ನುವಿನ ಮುಖ ನೋಡಿದ. ಎದೆ ತುಂಬ ಉಸಿರು ತೆಗೆದುಕೊಂಡು, ನಡುಬೀದಿಯಲ್ಲಿ,

"ಒಂದು!" ಎಂದ.

ಚಹಾ ಹೀರುವ ಸದ್ದು ನಿಂತಿತು. ಒಬ್ಬ ಮುದುಕ ಗ್ಲಾಸು ಹಿಡಿದೇ ಎದ್ದು ನಿಂತು, "ಏನ್ ಬಂತೋ ನಿನಗ? ಯಾವ ಎತ್ತಿಂದೋ ಅದು?" ಎಂದ.

"ಎತ್ತಿಂದಲ್ಲಪಾ, ನಮ್ಮ ಕೂಸಿಂದು! ಎರಡು!"

ಬೀದಿಯಲ್ಲಿ ಬಟ್ಟೆ ಕಳಚಿ ನಿಂತವನಂತೆ ಮಾವ ಕೆಂಪಾಗಿದ್ದ. ಚಿನ್ನು ಬೆಂಚಿನವರನ್ನು ನೋಡಿದಳು, ಅಜ್ಜನನ್ನು ನೋಡಿದಳು. ಹಲ್ಲು ಬಿದ್ದ ಸಂದಿಯಿಂದ ಗಾಳಿ ಸೇರಿಸಿಕೊಂಡು, "ಮೂರು!" ಎಂದು ಕಿರುಚಿದಳು. ಇಬ್ಬರೂ ನಾಲ್ಕು, ಐದು, ಆರು ಎಂದು ಕೂಗುತ್ತ ನಡೆದರು. ಹಿಂದಿನ ಸಂಜೆ ಅವನನ್ನು ಬೈದದ್ದಕ್ಕೆ ನನಗೆ ನಾಚಿಕೆಯಾಯಿತು.

ಗೇಟಿನಲ್ಲಿ ಟೀಚರಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾವು ಕಾಂಪೌಂಡಿನ ಹೊರಗೆ ಕಿಟಕಿಯ ನೇರಕ್ಕೆ ನಿಂತೆವು. ಒಳಗಿಂದ ಟೀಚರಮ್ಮನ ದನಿ ಬಂತು. ಆಮೇಲೆ ಏನೂ ಇಲ್ಲ. ಮಾವ ನನ್ನ ಮೊಳಕೈ ಹಿಡಿದ. ಆಮೇಲೆ ಸಣ್ಣ ದನಿಯೊಂದು, ತೆಲುಗಿನಲ್ಲಿ, ಒಬ್ಬಂಟಿಯಾಗಿ: "ಒಕಟಿ... ರೆಂಡು... ಮೂಡು..." ಹತ್ತು ಮುಟ್ಟುವ ಹೊತ್ತಿಗೆ ಅದು ಓಣಿಗೆಲ್ಲ ಕೇಳುವಷ್ಟು ಜೋರಾಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

"ಆತು ಮಾವಾ, ಸೇರಿದ್ಲು! ನಡಿ, ಮನಿಗೆ ಹೋಗೂಣು. ಅತ್ತಿಗಿಗೆ ಹೇಳೂಣು" ಎಂದೆ.

ಮಾವ ಕಾಂಪೌಂಡಿನ ಬುಡದ ಕಲ್ಲಿನ ಮೇಲೆ ಕುಳಿತುಬಿಟ್ಟ. "ನೀ ಫೋನ್ ಮಾಡಿ ಹೇಳವ್ವಾ. ನಾ ಇಲ್ಲೇ ಇರ್ತೀನಿ. ಹೊಸಾ ಜಾಗ, ಹೊಸಾ ಮಂದಿ. ನಡುವ ಆಕಿಗೆ ಅಳು ಬಂದ್ರ ಹೊರಗ ಯಾರರ ಇರಬೇಕಲ್ಲ?"

ಹಾಗೆ ಹೇಳುವಾಗ ಅಳುತ್ತಿದ್ದವನು ಅವನೇ. ನಾನು ಅತ್ತಿಗೆಗೆ ಫೋನ್ ಮಾಡಿ, ಅವನ ಪಕ್ಕದಲ್ಲೇ ಕುಳಿತೆ.